ಎರಡು ಲಡಿ ನೂಲು

ಖಾದಿ ಅಂಗಡಿಯಲ್ಲಿ ಹೊಸ ಬಟ್ಟೆಯ ಹತ್ತಿವಾಸನೆ ಮೂಗಿಗೆ ತಾಗಿದರೆ ಈಗಲೂ ಧಾರವಾಡದ ಆ ಮಧ್ಯಾಹ್ನವೇ ನನ್ನೆದುರು ನಿಲ್ಲುತ್ತದೆ. ಅವ್ವ ನಮ್ಮೂರು ಗರಗದ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಅವಳ ಬಲಗೈ ನಡುಗುವುದು ನರದ ಕಾಯಿಲೆಯಿಂದ ಎಂದು ಹುಬ್ಬಳ್ಳಿಯ ವೈದ್ಯರೊಬ್ಬರು ಬರೆದುಕೊಟ್ಟಿದ್ದರು. ಧಾರವಾಡದ ದೊಡ್ಡ ಡಾಕ್ಟರು ಆ ಚೀಟಿಯನ್ನು ಪಕ್ಕಕ್ಕೆ ಸರಿಸಿದರು.

"ಜಡ್ಡು ಗಿಡ್ಡು ಏನೂ ಇಲ್ಲವಾ, ಬರೇ ಅಂಜಿಕಿ."

ಅವ್ವ ಚೀಲದಿಂದ ಎರಡು ಲಡಿ ನೂಲು ತೆಗೆದು ಮೇಜಿನ ಮೇಲಿಟ್ಟಳು. "ಇದು ಹ್ವಾದ ವರ್ಷ ನೂತದ್ದು, ಇದು ಮೊನ್ನಿದು. ಮುಟ್ಟಿ ನೋಡ್ರಿ, ಎಷ್ಟು ಗಂಟು ಅದಾವು. ನೂಲಿಗೂ ಅಂಜಿಕಿ ಐತೇನ್ರಿ?"

"ನಾ ಏನ್ ನೇಕಾರ ಏನವಾ?" ಎಂದು ಡಾಕ್ಟರು ನಕ್ಕರು.

ಅಪ್ಪನೂ ನಕ್ಕ. "ಏಳು ಸಾಕು. ದೊಡ್ಡವರು ಹೇಳ್ಯಾರಲ್ಲ."

ಕಾಯಿಲೆಯಿಲ್ಲವೆಂದು ಕೇಳಿ ನನಗೆ ಹೋದ ಜೀವ ಬಂದಂತಾಗಿತ್ತು. ಹೊರಗೆ ಬೇವಿನ ನೆರಳಿನಲ್ಲಿ ಅವ್ವ ಮೊನ್ನೆಯ ಎಳೆಯೊಂದನ್ನು ನನ್ನ ಬೆರಳುಗಳ ನಡುವೆ ಮೆಲ್ಲಗೆ ಎಳೆದಳು. ಅದು ಒಮ್ಮೆ ದಪ್ಪ, ಒಮ್ಮೆ ತೆಳು; ಗಂಟುಗಳು ಒಂದೊಂದಾಗಿ ಹಾದುಹೋದವು.

"ನೀನರೆ ಖರೇ ಹೇಳವಾ, ಗಂಟು ಕೈಗೆ ಹತ್ತತಾವಿಲ್ಲೋ?"

"ಇಲ್ಲವ್ವಾ, ನುಣ್ಣಗ ಐತಿ" ಎಂದೆ.

ನಡುಗುವ ಆ ಕೈಯಿಂದಲೇ ಅವಳು ನನ್ನ ಕೆನ್ನೆ ಸವರಿ, ಲಡಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಗಂಟಿನ ಮಾತನ್ನು ಅವ್ವ ಯಾರ ಮುಂದೆಯೂ ಎತ್ತಲಿಲ್ಲ.