ಎರಡನೇ ಕೀ

"ಎರಡನೇ ಕೀ ಎಲ್ಲಿ?" ವಿಮಾ ಕಂಪನಿಯ ಸರ್ವೇಯರ್ ಮತ್ತೆ ಕೇಳಿದ.

ಪುಟ್ಟರಾಜು ಷರಟಿನ ಜೇಬು ಮುಟ್ಟಿಕೊಂಡ, ಅಲ್ಲಿ ಇಲ್ಲವೆಂದು ಗೊತ್ತಿದ್ದೂ. ಅಂಗಳದಲ್ಲಿ ಕಾರು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿತ್ತು. ಕೆರೆಯ ಕೋಡಿ ಹರಿದು ಬೀದಿಗೆ ನೀರು ನುಗ್ಗಿದಾಗ ಅದು ಸ್ಟೇರಿಂಗಿನವರೆಗೆ ಮುಳುಗಿತ್ತು. ಸೀಟುಗಳಿಂದ ಈಗಲೂ ಕೊಳೆತ ಕೆಸರಿನ ವಾಸನೆ.

"ಮನೇಲೇ ಎಲ್ಲೋ ಅದೆ ಸಾ. ಉಡುಕಿ ಕೊಡ್ತೀವಿ. ಮೊದ್ಲು ನೀವು ರಿಪೋರ್ಟ್ ಬರೀರಿ."

"ನಿಂತ ಗಾಡಿ ಮುಳುಗಿದ್ದರೆ ಕಂಪನಿ ಕೊಡುತ್ತೆ. ನೀರಲ್ಲಿ ಯಾರಾದರೂ ಸ್ಟಾರ್ಟ್ ಮಾಡಿ ಇಂಜಿನ್ ಕೆಡಿಸಿದ್ದರೆ ಕೊಡಲ್ಲ. ಒಂದು ಕೀ ನಿಮ್ಮ ಸೊಂಟದಲ್ಲೇ ಇತ್ತು ಅಂತೀರಿ. ಸರಿ. ಇನ್ನೊಂದು ಯಾರ ಕೈಯಲ್ಲಿತ್ತು?"

ಹಾಗೆನ್ನುವಾಗ ಆತ ಸಂತೋಷನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಬಾಗಿಲ ಹಿಂದೆ ನಿಂತಿದ್ದ ಪುಟ್ಟರಾಜುವಿನ ಹೆಂಡತಿ ಸೌಮ್ಯ ಹೊಸಿಲವರೆಗೆ ಬಂದಳು. ಸಂತೋಷ ಅವಳ ತಮ್ಮ. ಅಕ್ಕನ ಮನೆಯಲ್ಲೇ ಇದ್ದುಕೊಂಡು, ಭಾವ ಗದ್ದೆಗೆ ಹೋದ ದಿನಗಳಲ್ಲಿ ಭಾರತೀನಗರದಿಂದ ಮಂಡ್ಯಕ್ಕೆ ಬಾಡಿಗೆ ಓಡಿಸುತ್ತಿದ್ದ. ಇಬ್ಬರ ಅನ್ನವೂ ಆ ಕಾರಿನಲ್ಲೇ ಇತ್ತು.

"ಸೋಮವಾರದೊಳಗೆ ಎರಡೂ ಕೀ ಮಂಡ್ಯದ ಆಫೀಸಿಗೆ ತನ್ನಿ. ಇಲ್ಲದಿದ್ದರೆ ಫೈಲ್ ಮುಚ್ತಾರೆ," ಎಂದು ಸರ್ವೇಯರ್ ಬೈಕು ಹತ್ತಿದ.

ಪುಟ್ಟರಾಜು ಜಗಲಿಯ ಮೇಲೆ ಕುಸಿದು ಕೂತ. "ಮೊದ್ಲು ಫೋಟೋ ಅಂದ್ರು. ಆಮೇಲೆ ಆರ್.ಸಿ. ಅಂದ್ರು. ಊರಿಗೆ ನೀರು ಬಂದಿತ್ತು ಅನ್ನಕ್ಕೂ ಸರ್ಟಿಫಿಕೇಟ್ ತರಿಸಿದ್ರು. ಎಲ್ಲಾ ಕೊಟ್ರೆ ಈಗ ಕೀ ಅಂತೆ." ಆಮೇಲೆ ದನಿ ತಗ್ಗಿಸಿದ. "ಲೇ ಸಂತೋಷ, ನಿಜ ಏಳ್ಬುಡು. ಗಾಡಿ ಮೇಲಕ್ಕೆ ತರಾಣ ಅಂತ ನೀರಲ್ಲಿ ಸ್ಟಾರ್ಟ್ ಮಾಡ್ದಾ?"

"ಇಲ್ಲ ಭಾವ."

"ಒಳ್ಳೇದುಕ್ಕೇ ಮಾಡಿದ್ರೂ ಏಳು."

"ಒಳ್ಳೇದುಕ್ಕೂ ಮಾಡ್ಲಿಲ್ಲ, ಕೆಟ್ಟದ್ದಕ್ಕೂ ಮಾಡ್ಲಿಲ್ಲ. ಆ ಕೀ ನಾನು ಮುಟ್ಟೇ ಇಲ್ಲ."

ಪುಟ್ಟರಾಜು ನಕ್ಕ. ಆ ನಗು ಸೌಮ್ಯಳಿಗೆ ಹಿಡಿಸಲಿಲ್ಲ.

"ಅತ್ತೇನ ಒಂದ್ಮಾತು ಕೇಳಾಣ್ವಾ?" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

"ಅವ್ವಂಗೆ ಕಾರಿಂದೇನು ಗೊತ್ತು? ಮುಂದುಗಡೆ ಸೀಟಲ್ಲಿ ಕೂರಕ್ಕೇ ಎದರ್ಕತಾಳೆ. ಬಾಣಂತಿ ಮನೇಲಿ ಇದ್ನೆಲ್ಲಾ ಏಳಿ ಬಿಪಿ ಏರಿಸ್ಬ್ಯಾಡ."

ಅತ್ತೆ ಮಂಚಮ್ಮ, ನೀರಿಳಿದ ಮಾರನೆಯ ದಿನವೇ ಮಗಳು ವನಜಾಳ ಬಾಣಂತನಕ್ಕೆಂದು ದುದ್ದಕ್ಕೆ ಹೋಗಿದ್ದರು. ಹೋಗುವಾಗ ಸೊಸೆಗೆ ಹೇಳಿದ್ದು ಇಷ್ಟೇ: ದೀಪ ತಪ್ಪಿಸಬೇಡ, ಗಂಟುಗಳನ್ನು ಮುಟ್ಟಬೇಡ. ಅತ್ತೆಗೆ ಏನೇ ಕಷ್ಟ ಬಂದರೂ ಮುತ್ತತ್ತಿರಾಯನೇ ದಿಕ್ಕು. ಹಸು ಕರು ಹಾಕಲಾರದೆ ಒದ್ದಾಡಿದಾಗ ಅದರ ಬಾಲದ ಕೂದಲು, ವನಜಾ ಬಸುರಿಯಾದಾಗ ಅವಳದೊಂದು ಬಳೆ, ಕಾಣಿಕೆಯ ನಾಣ್ಯದ ಜೊತೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಹರಕೆ ತೀರುವ ತನಕ ಬಿಚ್ಚುವಂತಿಲ್ಲ.

ಸೌಮ್ಯ ಮನೆಯನ್ನೆಲ್ಲ ತಿರುವಿಹಾಕಿದಳು. ಬೀರು ಖಾಲಿ ಮಾಡಿದಳು. ಅಕ್ಕಿ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿದಳು. ಹಾಸಿಗೆ ಕೊಡವಿದಳು. ದೇವರ ಪಟಗಳನ್ನು ಒಂದೊಂದಾಗಿ ಇಳಿಸಿ ಹಿಂದೆ ನೋಡಿದಳು, ನೇತಾಡುವ ಗಂಟುಗಳಿಗೆ ಮಾತ್ರ ಕೈಮುಗಿದು ಪಕ್ಕಕ್ಕೆ ಸರಿದಳು. ಕೀ ಸಿಗಲಿ, ತಮ್ಮನ ಮೇಲೆ ಮಾತು ಬಾರದಿರಲಿ ಎಂದು ಬೇಡಿಕೊಂಡಳು.

ಕೊನೆಗೆ ಉಳಿದದ್ದು ಒಂದೇ ಜಾಗ. ನಡುಮನೆಯ ಮೂಲೆಯಲ್ಲಿದ್ದ ಸಂತೋಷನ ಬ್ಯಾಗು.

ಅವಳು ಮೊದಲು ಅದರತ್ತ ನೋಡಲೇ ಇಲ್ಲ. ಆಮೇಲೆ ಬಾಗಿಲಾಚೆ ಇಣುಕಿ, ಬೇಗಬೇಗ ಜಿಪ್ಪು ಎಳೆದಳು. ಎರಡು ಷರಟು, ಬಾಚಣಿಗೆ, ಬ್ರಷ್ಷು.

"ಸಿಕ್ತಾ ಅಕ್ಕ?"

ಸಂತೋಷ ಹೊಸಿಲಲ್ಲಿ ನಿಂತಿದ್ದ.

"ಒಳಗಿನ ಜೇಬೂ ನೋಡ್ಬುಡು. ಅದೊಂದ್ಯಾಕೆ ಉಳೀಬೇಕು." ತಾನೇ ಬಗ್ಗಿ, ಜೇಬು ತಿರುಗಿಸಿ ತೋರಿಸಿದ. ಒಳಗೆ ನೂಲಿನ ಚೂರೊಂದಿತ್ತು.

ಬೆಳಿಗ್ಗೆ ಅದೇ ಬ್ಯಾಗು ಹೆಗಲಿಗೇರಿಸಿದ. "ಫ್ಯಾಕ್ಟ್ರಿಗೆ ಕಬ್ಬು ಒಡೆಯೋ ಟ್ರ್ಯಾಕ್ಟ್ರಿಗೆ ಡ್ರೈವರ್ ಬೇಕಂತೆ. ಓಯ್ತೀನಿ," ಎಂದ. ಸೌಮ್ಯ ಬೀದಿಯ ತಿರುವಿನವರೆಗೂ ನೋಡಿದಳು. ಅವನು ತಿರುಗಲಿಲ್ಲ.

ಸೋಮವಾರ ಮಧ್ಯಾಹ್ನ ಮಂಡ್ಯದಿಂದ ಪುಟ್ಟರಾಜುವಿನ ಫೋನು ಬಂತು. "ಫೈಲ್ ಮುಚ್ಚುದ್ರು ಕಣಮ್ಮಿ. ಆಫೀಸ್ನೋನು ಗಾಜಿನಿಂದಾಚೆ ಕೂತ್ಕಂಡು, ಕೀ ಇಲ್ವಲ್ಲ ಅಂತ ಅದ್ನೇ ಅಂತಾನೆ. ಎಲ್ಲಾ ನಿನ್ ತಮ್ಮನಿಂದ. ಇನ್ನ ಅವ್ನು ನಮ್ಮನೆ ಹೊಸಿಲು ತುಳೀಕೂಡ್ದು."

ಅವಳು ಫೋನು ಕೆಳಗಿಡುವ ಹೊತ್ತಿಗೆ ಮಂಚಮ್ಮ ಬಸ್ಸಿಳಿದು ಬಂದರು. ಕಾಲು ತೊಳೆದು, ನೀರು ಕುಡಿದು, ನೆಟ್ಟಗೆ ದೇವರ ಗೋಡೆಯ ಮುಂದೆ ಹೋಗಿ ನಿಂತರು.

"ಕಾರಿನ ದುಡ್ಡು ಬಂತೇನವ್ವ?"

ಸೌಮ್ಯ ಇಲ್ಲವೆಂದು ತಲೆಯಾಡಿಸಿದಳು.

"ಬತ್ತದೆ ಬುಡು. ನೀರಿಳಿದ ದಿನವೇ ಸ್ವಾಮಿಗೆ ಮುಡಿಪು ಕಟ್ಟಿವ್ನಿ. ದುಡ್ಡು ಕೈಗೆ ಬರಾಗಂಟ ಬಿಚ್ಚಂಗಿಲ್ಲ." ಕೊನೆಯ ಗಂಟನ್ನು ಕಣ್ಣಿಗೊತ್ತಿಕೊಂಡು ಮೊಳೆಗೆ ಬಿಟ್ಟರು. ಅದು ಗೋಡೆಗೆ ಬಡಿದು ಠಣ್ ಎಂದಿತು.

ಬರೀ ನಾಣ್ಯದ ಸದ್ದಲ್ಲ ಅದು. ಸೌಮ್ಯ ಮೊದಲ ಸಲ ಗಂಟಿಗೆ ಕೈಯಿಟ್ಟಳು. ಬಟ್ಟೆಯೊಳಗೆ ದುಂಡನೆಯ ನಾಣ್ಯ. ಅದರ ಪಕ್ಕ ಉದ್ದಕ್ಕೆ, ಅಂಚಿನಲ್ಲಿ ಹಲ್ಲುಹಲ್ಲಾಗಿ, ಇನ್ನೊಂದು.

"ಅತ್ತೆ, ಇದ್ರಲ್ಲಿ ಏನು ಕಟ್ಟಿದ್ರಿ?"

"ಈ ಊರಲ್ಲಿ ಎಷ್ಟು ಜನದ ಕಾರು ಮುಳುಗ್ದೋ ಏನೋ," ಎಂದರು ಮಂಚಮ್ಮ, ದೀಪಕ್ಕೆ ಎಣ್ಣೆ ಹುಯ್ಯುತ್ತಾ. "ನಮ್ದು ಯಾವ್ದು ಅಂತ ಸ್ವಾಮಿಗೆ ಗೊತ್ತಾಗಾದ್ ಬ್ಯಾಡ್ವೇನವ್ವ?"