ಮೊಹರು ಬಂದ ಶುಕ್ರವಾರ

ಒಂಬತ್ತು ವರ್ಷಗಳಿಂದ ದೇಶದಲ್ಲಿ ಯಾರೂ ಸತ್ತಿರಲಿಲ್ಲ. ಹೆಣಗಳು ಮಣ್ಣಿಗೆ ಹೋಗುತ್ತಿದ್ದವು, ನಿಜ. ಆದರೆ ಮರಣಪತ್ರಕ್ಕೆ ರಾಷ್ಟ್ರಾಧ್ಯಕ್ಷರ ಮೊಹರು ಬೇಕಿತ್ತು. ಚುನಾವಣೆ ಗೆದ್ದದ್ದು ತಾನೇ ಎಂದು ಇಬ್ಬರು ಪ್ರಮಾಣವಚನ ತೆಗೆದುಕೊಂಡು ಕೂತಿದ್ದರಿಂದ ಯಾರ ಮೊಹರೂ ನಡೆಯುತ್ತಿರಲಿಲ್ಲ. ಮೊಹರು ಬೀಳುವತನಕ ಯಾರೂ ವಿಧವೆಯಲ್ಲ ಎಂದು ಓಣಿಯ ಹೆಂಗಸರು ತಾವೇ ತೀರ್ಮಾನಿಸಿಕೊಂಡಿದ್ದರು. ಹಾಗಾಗಿ, ಮತಪೆಟ್ಟಿಗೆ ಕಾಯುತ್ತ ಗುಂಡಿಗೆ ಬಲಿಯಾದ ರೇವಣಸಿದ್ಧನ ಹೆಂಡತಿ ನಾಗವೇಣಿ ಪ್ರತಿ ಶುಕ್ರವಾರ ಕಾಶೀಬಾಯಿಯ ಮನೆಯಲ್ಲಿ ಅರಿಷಿಣ ಕುಂಕುಮಕ್ಕೆ ಕೂರುತ್ತಿದ್ದಳು.

ಈ ವಾರ, ಗೆದ್ದವರು ಯಾರೆಂದು ಕೋರ್ಟಿನ ತೀರ್ಪು ಬಂದಿತ್ತು. ಹೆಂಗಸರು ಸಾಲಾಗಿ ಕೂತಿದ್ದಾಗಲೇ ನಗರಸಭೆಯ ಗುಮಾಸ್ತ ಮಡಿವಾಳಪ್ಪ ಮೊಹರು ಬಿದ್ದ ರೇವಣಸಿದ್ಧನ ಮರಣಪತ್ರ ಹಿಡಿದು, ಹೆಂಡತಿಯ ಸಹಿಗೆಂದು ಬಾಗಿಲಿಗೆ ಬಂದ.

“ಒಂದು ತಾಸು ಬಿಟ್ಟು ಬಾರೋ ಮಾರಾಯಾ,” ಎಂದಳು ಕಾಶೀಬಾಯಿ, ಕುಂಕುಮದ ಬಟ್ಟಲು ಹಿಡಿದುಕೊಂಡೇ. “ಸತ್ತವರೇನು ಓಡಿ ಹೋಗ್ತಾರ?”

ಹೆಂಗಸರು ನಕ್ಕರು. ನಾಗವೇಣಿ ನಗಲಿಲ್ಲ. “ನಾ ಸಹಿ ಮಾಡಲಿಲ್ಲಂದ್ರ?” ಎಂದು ಕೇಳಿದಳು.

“ಬ್ಯಾಡಂದ್ರ ಬಿಡ್ರಿ ಅಕ್ಕಾರ,” ಎಂದ ಮಡಿವಾಳಪ್ಪ. “ಅವರ ಹೆಸರು ಮತದಾರರ ಪಟ್ಟಿಯೊಳಗ ಹಂಗ ಉಳೀತದ. ಮುಂದಿನ ಸಲ ಅವರ ಓಟು ಯಾರರ ಹಾಕಿ ಹೋಗ್ತಾರ.”

ಒಂದೂ ಕಳ್ಳ ಓಟು ಬೀಳಬಾರದೆಂದೇ ರೇವಣಸಿದ್ಧ ಅಂದು ಪೆಟ್ಟಿಗೆಯ ಮುಂದಿನಿಂದ ಎದ್ದಿರಲಿಲ್ಲ. ಮನೆಗೆ ಬಾ ಎಂದು ಕರೆಯಲು ಹೋದ ಹೆಂಡತಿಗಾಗಿಯೂ ಎದ್ದಿರಲಿಲ್ಲ. ಆ ಸಿಟ್ಟು ಅವಳಿಗೆ ಇನ್ನೂ ಆರಿರಲಿಲ್ಲ. ಆದರೂ ಪೆನ್ನು ಇಸಿದುಕೊಂಡಳು.

ಸಹಿ ಮಾಡಿ ತಲೆಯೆತ್ತಿದಾಗ ಕಾಶೀಬಾಯಿಯ ಕುಂಕುಮದ ಬೆರಳು ಅವಳ ಹಣೆಯ ಹತ್ತಿರ ಬಂದು ಅಲ್ಲೇ ನಿಂತಿತ್ತು. ನಾಗವೇಣಿಯೇ ತುಸು ಹಿಂದೆ ಸರಿದು, ಪಕ್ಕದವಳ ಕಡೆಗೆ ದಾರಿ ಬಿಟ್ಟಳು.