ತೂಕ ಬರೆದಿಲ್ಲ

ಇನ್ನು ಮೂರೇ ದಿನ. ಆಮೇಲೆ ತನ್ನ ಕಳ್ಳಾಟ ಬೀದಿಗೆ ಬೀಳುವುದು ಖಂಡಿತ ಅಂತ ತಪಾಸಣೆ ಗುಮಾಸ್ತ ದುರ್ಬೀನಿಗೆ ಗೊತ್ತಾಗಿ ಹೋಯಿತು. ಸಭೆಯಲ್ಲಿ ಎಲ್ಲರೂ ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದರೆ ಅವನೊಬ್ಬ ತನ್ನ ಬೂಟಿನ ತುದಿ ನೋಡುತ್ತಿದ್ದ.

"ದೊಡ್ಡ ಕಂಪನಿಯ ಹೊಸ ಕಂಪ್ಯೂಟರ್ ಸೇವೆ ಇದು," ಎಂದರು ಮ್ಯಾನೇಜರು. "ಹಾಳೆ ಬಂದರೆ ತಾನೇ ಓದುತ್ತೆ, ತಾನೇ ತುಂಬುತ್ತೆ, ತಾನೇ ಮುಂದಕ್ಕೆ ಕಳಿಸುತ್ತೆ. ಮೊದಲು ನಮ್ಮ ಆರು ವರ್ಷದ ಕೆಲಸವನ್ನೆಲ್ಲ ಜಾಲಾಡುತ್ತೆ. ಎಲ್ಲಿ, ಯಾರು ಹೊತ್ತು ಹಾಳು ಮಾಡಿದ್ದಾರೆ ಅಂತ ಸೋಮವಾರ ವರದಿ ಬರುತ್ತೆ. ನಮಗೂ, ಗೋದಾಮಿನವರಿಗೂ."

"ಸದ್ಯ, ನನ್ನ ಬೆರಳು ಬದುಕಿದವು!" ಟೈಪಿಸ್ಟ್ ಚಪ್ಪಾಳೆ ತಟ್ಟಿದಳು.

"ಬೆರಳು ಬದುಕುತ್ತಮ್ಮಾ, ಹೊಟ್ಟೆ ಮೇಲೆ ತಣ್ಣೀರು ಬಟ್ಟೆ," ಎಂದ ರವಾನೆ ವಿಭಾಗದವನು.

"ಯಾರ ಕೆಲಸವೂ ಹೋಗಲ್ಲ. ದುರ್ಬೀನಿಗಂತೂ ಗೋದಾಮಿಗೆ ದಿನಾ ಫೋನ್ ಮಾಡೋ ಕರ್ಮ ತಪ್ಪಿತು. ಅಲ್ಲವೇನಯ್ಯಾ?"

"ಹೌದು ಸಾರ್," ಎಂದ ದುರ್ಬೀನು.

ಗೋದಾಮಿನಿಂದ ಬರುವ ಸರಕಿನ ಹಾಳೆ ತಪಾಸಣೆ ಮಾಡುವುದು ಅವನ ಕೆಲಸ. ಒಂದು ಚುಕ್ಕೆ ಬಿಟ್ಟರೂ ಹಿಡಿಯುತ್ತಾನೆ ಅಂತಲೇ ಆ ಅಡ್ಡಹೆಸರು. ಗೋದಾಮಿನ ಗುಮಾಸ್ತೆ ದಿನಾ ಒಂದೇ ತಪ್ಪು ಮಾಡುತ್ತಿದ್ದಳು: ಮೊದಲ ಪುಟದಲ್ಲಿ ತೂಕ ಬರೆಯುತ್ತಿರಲಿಲ್ಲ. ಹತ್ತು ಗಂಟೆಗೆ ಸರಿಯಾಗಿ ಇವನು ಫೋನ್ ಮಾಡುತ್ತಿದ್ದ.

"ಇವತ್ತೂ ತೂಕ ಬರೆದಿಲ್ಲ."

"ಅಯ್ಯೋ, ನನ್ನ ಮರೆವಿಗಿಷ್ಟು ಬೆಂಕಿ ಹಾಕ! ನಲವತ್ತೆರಡು ಕಿಲೋ ಸಾರ್. ನಾಳೆ ಖಂಡಿತ ಬರೀತೀನಿ."

ಮೊದಲ ರಿಂಗು ಮುಗಿಯುವ ಮುಂಚೆಯೇ ಫೋನ್ ಎತ್ತುತ್ತಿದ್ದಳು. ಕಾಗದ ಮಗುಚುವ ಸದ್ದೂ ಇಲ್ಲದೆ ತೂಕ ಹೇಳುತ್ತಿದ್ದಳು. ಆಮೇಲೆ ನಾಲ್ಕು ನಿಮಿಷ ಅವಳ ಮಂಡಿ ನೋವು, ಇವನ ಹೊಸ ಕನ್ನಡಕ, ಅವಳ ಕಿಟಕಿಗೆ ಬರುವ ಕುಂಟು ಪಾರಿವಾಳ. ಇವನು ಅವಳ ಮುಖ ಕಂಡವನಲ್ಲ. ಕೆಮ್ಮು ಕೇಳಿದರೆ ಮಾತ್ರ ನೆಗಡಿ ಎಷ್ಟು ದಿನದ್ದು ಅಂತ ಹೇಳಬಲ್ಲವನಾಗಿದ್ದ.

"ವಿಚಿತ್ರ ಕಣ್ರೀ," ಎಂದ ರವಾನೆಯವನು ಸಭೆಯಿಂದ ಹೊರಬರುತ್ತ. "ನಾನು ಹಳೇ ಶಾಖೆಯಲ್ಲಿದ್ದಾಗ ಗೋದಾಮಿನ ಆಯಮ್ಮನ ಹಾಳೆ ಕಣ್ಣಿಗೊತ್ತಿಕೊಳ್ಳೋ ಹಾಗಿರ್ತಿತ್ತು. ಪಾಪ, ವಯಸ್ಸಾಯ್ತೇನೋ."

ದುರ್ಬೀನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಅವನದೇ ಚಿಂತೆ. ಅಸಲಿಗೆ ಆ ತೂಕ ಹಾಳೆಯ ಎರಡನೆಯ ಪುಟದಲ್ಲೇ ಇತ್ತು. ತಕ್ಕಡಿ ಚೀಟಿಯ ಫೋಟೋ, ಕುರುಡನಿಗೂ ಕಾಣುವಷ್ಟು ದಪ್ಪ ಅಕ್ಷರ. ಆರು ವರ್ಷದಿಂದ ಇವನಿಗದು ಗೊತ್ತು. ಗೊತ್ತಿದ್ದೂ ಫೋನ್ ಮಾಡುತ್ತಿದ್ದ, ಮಾಡಿದ್ದನ್ನು ಕಂಪ್ಯೂಟರಿನಲ್ಲಿ ನಮೂದಿಸುತ್ತಿದ್ದ.

ಏನು ಮಾಡುತ್ತೀರಿ? ಹೆಂಡತಿ ಹೋಗಿ ಎಂಟು ವರ್ಷ. ಮನೆಯಲ್ಲಿ ಎರಡು ಕುರ್ಚಿ, ಒಂದರ ಮೇಲೆ ಇವನು, ಇನ್ನೊಂದರ ಮೇಲೆ ಇಸ್ತ್ರಿ ಮಾಡಿದ ಅಂಗಿಗಳು. ಟೀವಿ ಮಾತಾಡುತ್ತದೆ ನಿಜ, ಉತ್ತರಕ್ಕೆ ಕಾಯುವುದಿಲ್ಲ. ನಾಚಿಕೆಗೇಡು ಅನ್ನಿ, ಹುಚ್ಚು ಅನ್ನಿ, ಆ ನಾಲ್ಕು ನಿಮಿಷಕ್ಕಾಗಿಯೇ ಅವನು ಬೆಳಗ್ಗೆ ಏಳುತ್ತಿದ್ದ.

ಸಭೆ ಮುಗಿಸಿ ಬಂದು ಕೊನೆಯ ಸಲ ಫೋನ್ ಮಾಡಿದ. ತೂಕ ಹೇಳಿದಳು, ಮೂವತ್ತೇಳು.

"ಸೋಮವಾರದಿಂದ ಯಂತ್ರವೇ ತುಂಬಿಕೊಳ್ಳುತ್ತಂತೆ."

"ಹಾಗಾದ್ರೆ ನನ್ನ ಕಾಟ ತಪ್ಪಿತು ಅನ್ನಿ."

"ಹೂಂ," ಅಂದುಬಿಟ್ಟ. ಅವನ ಬಾಯಿಗೆ ಯಾವ ದೆವ್ವ ಬಡಿದಿತ್ತೋ!

"ಸರಿ ಸಾರ್," ಎಂದವಳು ಫೋನ್ ಇಟ್ಟಳು. ಯಾವಾಗಲೂ ಇವನು ಇಡುವವರೆಗೆ ಕಾಯುತ್ತಿದ್ದವಳು.

ಶನಿವಾರ, ಭಾನುವಾರ ಅವನು ಯಾರೊಂದಿಗೂ ಒಂದು ಮಾತಾಡಲಿಲ್ಲ. ಕನ್ನಡಿಯ ಮುಂದೆ ನಿಂತು ಕ್ಷಮಾಪಣೆಯ ಮಾತು ಅಭ್ಯಾಸ ಮಾಡಿದ. ಯಾವುದೂ ಸರಿಹೋಗಲಿಲ್ಲ. ಕಚೇರಿಯವರು ನಕ್ಕರೆ ನಗಲಿ. ಅವಳಿಗೆ ಗೊತ್ತಾಗುತ್ತದಲ್ಲ, ಇದ್ದ ತೂಕವನ್ನೇ ಕೇಳಿ ಕೇಳಿ ಆರು ವರ್ಷ ತಪ್ಪೊಪ್ಪಿಸಿದ ಅಂತ. ಅದೊಂದೇ ಅವನಿಗೆ ತಡೆಯಲಾಗದ್ದು.

ಸೋಮವಾರ ಹತ್ತಕ್ಕೆ ವರದಿ ಬಂತು. ಮೊದಲ ಸಾಲೇ ಅವನದು: "ತಪಾಸಣೆ ಗುಮಾಸ್ತ. ಎರಡನೆಯ ಪುಟದಲ್ಲೇ ಇದ್ದ ತೂಕವನ್ನು ಕೇಳಲು ಮಾಡಿದ ಫೋನ್, ಸಾವಿರದ ನಾನೂರ ಹನ್ನೆರಡು." ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇದೇ ಹಾಳೆ ಈಗ ಅವಳ ಮುಂದೆಯೂ ತೆರೆದಿರುತ್ತದೆ. ಮುಚ್ಚಿಬಿಡೋಣ ಅಂತ ಕೈ ಮುಂದೆ ಮಾಡಿದಾಗ ಎರಡನೆಯ ಸಾಲು ಕಣ್ಣಿಗೆ ಬಿತ್ತು.

"ಗೋದಾಮಿನ ಗುಮಾಸ್ತೆ. ತೂಕ ಬರೆಯದೆ ಬಿಟ್ಟದ್ದು, ನಿಮ್ಮ ಶಾಖೆಗೆ ಕಳಿಸಿದ ಹಾಳೆಗಳಲ್ಲಿ ಸಾವಿರದ ನಾನೂರ ಹನ್ನೆರಡು ಸಲ. ಉಳಿದ ಹನ್ನೊಂದು ಶಾಖೆಗಳಿಗೆ ಕಳಿಸಿದವುಗಳಲ್ಲಿ, ಒಮ್ಮೆಯೂ ಇಲ್ಲ."